ಲಾನ್ ಅಗೆಯೋ ಮುಂಚೆ ಬೇರು ಕಿತ್ತು ನೋಡಿ

ನಮಸ್ಕಾರ ಅಕ್ಕ. ತುಮಕೂರಿನ ಮನೆ ಹಿಂದಿನ 20ಕ್ಕೆ 30 ಅಡಿ ಲಾನ್ ಮೂರು ವರ್ಷದಿಂದ ನೋಡೋರಿಲ್ಲದೆ ಸೊಂಟದೆತ್ತರ ಬೆಳೆದಿದೆ, ಮಳೆಗಾಲಕ್ಕೆ ಬದನೆ, ಟೊಮೇಟೊ, ಅವರೆ ಹಾಕಬೇಕು, ಟಿಲ್ಲರ್ ಹೊಡೆಸಲಾ, ಕಳೆನಾಶಕ ಹೊಡೆಯಲಾ ಅಂತ ಕೇಳಿದ್ದೀರಿ. ಎರಡೂ ಬೇಡ ಅಕ್ಕ.

ನಮ್ಮದು ಚಿಂತಾಮಣಿ ಕಡೆ. ಹಿತ್ತಲಿಗೆ ನಾನೂ ಟಿಲ್ಲರ್ ಹೊಡೆಸಿದ್ದೆ. ಅರ್ಧ ಗಂಟೇಲಿ ನೆಲ ಹಸನಾಯ್ತು. ಮಳೆ ಬಿದ್ದು ಹದಿನೈದು ದಿನಕ್ಕೆ ಮೊದಲಿಗಿಂತ ಒತ್ತಾಗಿ ಗರಿಕೆ ಎದ್ದಿತ್ತು. ಅಲಗು ಅದರ ಬೇರನ್ನ ಬೆರಳುದ್ದ ತುಂಡು ಮಾಡಿ ಹಿತ್ತಲೆಲ್ಲ ಹರಡಿತ್ತು, ಗೆಣ್ಣು ಗೆಣ್ಣಿಗೂ ಚಿಗುರು. ಆ ವರ್ಷ ಬದನೆ ಸಸಿ ಉಳಿಸಿಕೊಳ್ಳೋಕೇ ಆಗಲಿಲ್ಲ. ಕಳೆನಾಶಕವೂ ಈಗ ದಂಡ. ಏಪ್ರಿಲ್ ಬಿಸಿಲಿಗೆ ಬಾಡಿ ಧೂಳು ಹಿಡಿದಿರೋ ಹುಲ್ಲು ಔಷಧಿ ಸರಿಯಾಗಿ ಎಳೆದುಕೊಳ್ಳಲ್ಲ. ಅದೂ ಅಲ್ಲದೆ ನೀವು ತಿನ್ನೋ ತರಕಾರಿ ಬೆಳೆಯೋ ಜಾಗ ಅದು.

ಮೊದಲು ಹುಲ್ಲನ್ನ ಮೊಣಕಾಲಿಗಿಂತ ಕೆಳಕ್ಕೆ ಕುಡುಗೋಲಲ್ಲೋ ಮೆಷಿನ್ನಲ್ಲೋ ಕೊಯ್ಸಿ. ಇಳಿಯೋ ಮುಂಚೆ ಉದ್ದನೆ ಕೋಲಲ್ಲಿ ಬಡಿದು ಸದ್ದು ಮಾಡಿ, ಗಂಬೂಟು ಹಾಕ್ಕೊಳ್ಳಿ. ಇಷ್ಟು ಪೊದೆಯಲ್ಲಿ ನಾಗರ, ಕೊಳಕುಮಂಡಲ ಇರೋ ಸಾಧ್ಯತೆ ಇದ್ದೇ ಇದೆ. ಯಾರಿಗಾದರೂ ಕಚ್ಚಿದರೆ ನಾಟಿ ಮದ್ದು ಅಂತ ಹೊತ್ತು ಕಳೆಯದೆ ಸೀದಾ ದೊಡ್ಡಾಸ್ಪತ್ರೆಗೆ. ಪಾರ್ಥೇನಿಯಂ ಇದ್ದರೆ ಕೈಗವಸು ಹಾಕಿ, ಹೂ ಬಿಡೋ ಮುಂಚೆ ಬೇರು ಸಮೇತ ಕೀಳಿ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತೆ. ಕೊಯ್ದ ಹುಲ್ಲಿಗೆ ಬೆಂಕಿ ಹಾಕಬೇಡಿ. ಪಾರ್ಥೇನಿಯಂ ಬೆರೆಯದ ಒಳ್ಳೆ ಹುಲ್ಲು ಪಕ್ಕದ ಮನೆ ಹಸುವಿಗಾಗುತ್ತೆ.

ಈಗ ನಾಲ್ಕೈದು ಕಡೆ ಅಗೆದು ಬೇರು ನೋಡಿ. ಬಿಳಿ ದಾರದ ಹಾಗೆ ಗೆಣ್ಣು ಗೆಣ್ಣಾಗಿ ಹಬ್ಬಿದ್ದರೆ ಗರಿಕೆ. ಹುಲ್ಲಿನ ಕಾಂಡ ಮೂರು ಮೂಲೆಯಾಗಿದ್ದು, ಬುಡದಲ್ಲಿ ಕಡಲೆಕಾಯಿ ಬೀಜದಷ್ಟು ಕಪ್ಪು ಗಡ್ಡೆ ಇದ್ದರೆ ಜೇಕು. ಮಿಕ್ಕ ಕಳೆ ಬಹಳಷ್ಟು ಬೀಜದಿಂದ ಬರೋದು, ಅದಕ್ಕೆ ಹೆದರಬೇಕಿಲ್ಲ. ಅಣ್ಣೆಸೊಪ್ಪು ಎಳೆಯದು ಸಿಕ್ಕರೆ ಮಸ್ಸೊಪ್ಪಿಗೆ ಎತ್ತಿಟ್ಟುಕೊಳ್ಳಿ.

ಗರಿಕೆಗೆ ನಮ್ಮ ಬೇಸಿಗೆಯೇ ಮದ್ದು. ಕೆಮ್ಮಣ್ಣು ಗಟ್ಟಿಯಾಗಿರುತ್ತೆ, ಅದಕ್ಕೆ ಹಿಂದಿನ ದಿನ ನೀರು ಬಿಡಿ. ಮಾರನೇ ದಿನ ಹಲ್ಲಿನ ಗುದ್ದಲಿಯಲ್ಲಿ ಮುಕ್ಕಾಲು ಅಡಿ ಆಳ ಹೆಂಟೆ ಎಬ್ಬಿಸಿ, ಒಡೆದು, ಬೇರು ಕತ್ತರಿಸದೆ ಎಳೆಎಳೆಯಾಗಿ ಆರಿಸಿ, ಸಿಮೆಂಟ್ ನೆಲದ ಮೇಲೆ ಬಿಸಿಲಿಗೆ ಹರಡಿ. ಮುರಿದರೆ ಕರಕರ ಅನ್ನೋವಷ್ಟು ಒಣಗಿದ ಮೇಲೇ ಗೊಬ್ಬರದ ಗುಂಡಿಗೆ. ಒಂದೇ ಸಲ 600 ಚದರಡಿಗೆ ಕೈ ಹಾಕಬೇಡಿ, ಬೆಳಗ್ಗೆ ಹೊತ್ತು 5ಕ್ಕೆ 10 ಅಡಿ ಮುಗಿದರೆ ಸಾಕು. ಈ ಮಳೆಗಾಲಕ್ಕೆ ಅರ್ಧ ಜಾಗ ಶುದ್ಧವಾದರೂ ಲಾಭವೇ. ಮಿಕ್ಕ ಅರ್ಧಕ್ಕೆ ಹಳೇ ರಟ್ಟು ಒಂದರ ಮೇಲೊಂದು ಬರೋ ಹಾಗೆ ಹಾಸಿ, ನೆನೆಸಿ, ಮೇಲೆ ಹೊಂಗೆ ಸೊಪ್ಪು, ತರಗು ಗೇಣುದ್ದ ಹೇರಿಬಿಡಿ.

ಜೇಕಿಗೆ ಹೀಗೆ ಆಗಲ್ಲ, ಆ ಗಡ್ಡೆ ಒಂದಕ್ಕೊಂದು ಸರಪಳಿ ಕಟ್ಟಿರುತ್ತೆ. ಕೈಯಲ್ಲಿ ಎಳೆದರೆ ಎಲೆ ಮಾತ್ರ ಬಂದು ಗಡ್ಡೆ ಒಳಗೇ ಉಳಿಯುತ್ತೆ. ಸಿಕ್ಕಷ್ಟು ಗಡ್ಡೆ ಅಗೆದು ತೆಗೆಯಿರಿ. ಮತ್ತೆ ಚಿಗುರಿದ್ದನ್ನ ಹದಿನೈದು ದಿನಕ್ಕೊಮ್ಮೆ ಬಿಡದೆ ಕೆರೆಯಿರಿ. ಜೇಕು ನೆರಳು ತಡೆಯಲ್ಲ. ಆ ಮೂಲೆಗೆ ಈ ವರ್ಷ ಬದನೆ ಬೇಡ, ನೆಲ ಮುಚ್ಚೋ ಸಿಹಿಗೆಣಸೋ ಕುಂಬಳವೋ ಹಬ್ಬಿಸಿ.

ಅಗೆದಾದ ಮೇಲೆ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಚದರ ಮೀಟರಿಗೆ ಎರಡು ಮೂರು ಕೆಜಿ ಸಾಕು. ಹಸಿ ಗೊಬ್ಬರ ತಂದರೆ ಅದರ ಜೊತೆಗೇ ಕಳೆ ಬೀಜ ಬರುತ್ತೆ.

ತುಂಬಾ ಜನ ಬಿಟ್ಟುಬಿಡೋ ಒಂದು ಕೆಲಸ ಇದೆ. ಪಾತಿ ಮಾಡಿದ ತಕ್ಷಣ ಸಸಿ ನಡಬೇಡಿ. ನೀರು ಹಾಕಿ ಹತ್ತು ಹನ್ನೆರಡು ದಿನ ಕಾಯಿರಿ, ಮೇಲಿರೋ ಕಳೆ ಬೀಜ ಮೊಳೆಯುತ್ತೆ. ಮಣ್ಣು ತಿರುಗಿಸದೆ ಕುಡುಗೋಲಲ್ಲಿ ಮೇಲ್ಮೇಲೆ ಕೆರೆದು ತೆಗೆಯಿರಿ. ಮತ್ತೊಂದು ಸಲ ಹಾಗೇ ಮಾಡಿ, ಆಮೇಲೆ ನಾಟಿ. ಈಗ ಶುರು ಮಾಡಿದರೆ ರೋಹಿಣಿ ಮಳೆ ಹೊತ್ತಿಗೆ ಪಾತಿ ತಯಾರು.

ಕಾಂಪೌಂಡ್ ಪಕ್ಕ ಖಾಲಿ ಸೈಟ್ ಇದೆ ಅಂದಿರಲ್ಲ, ಆ ಅಂಚಿಗೆ ಒಂದಡಿ ಆಳದ ಕಿರುಗಾಲುವೆ ತೆಗೆದು ಆಗಾಗ ನೋಡ್ತಿರಿ, ಗರಿಕೆ ಆ ಕಡೆಯಿಂದಲೇ ನುಗ್ಗೋದು. ಅಗೆದ ಬೇರಿನ ಫೋಟೋ ಹಾಕಿ ಅಕ್ಕ, ಗರಿಕೆನೋ ಜೇಕೋ ಹೇಳ್ತೀನಿ.