ಕರುಳಿನ ಪೆಪ್ಟೈಡ್‌ಗಳು ಮಿದುಳಿನ ಜೊತೆ ಹೇಗೆ ಮಾತಾಡುತ್ತವೆ? ಮಾರುವ ‘ಸಂಶೋಧನಾ ಪೆಪ್ಟೈಡ್’ಗಳೂ ಅದನ್ನೇ ಮಾಡುತ್ತವೆಯೇ?

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ತಿಂದ ಕೊಬ್ಬು, ಪ್ರೋಟೀನ್ ಸಣ್ಣ ಕರುಳಿಗೆ ಇಳಿದಾಗ ಅಲ್ಲಿನ ಕೆಲವು ಜೀವಕೋಶಗಳು ಸಿಸಿಕೆ ಎಂಬ ಪೆಪ್ಟೈಡ್ ಬಿಡುತ್ತವೆ. ಅದು ಕರುಳನ್ನು ಮಿದುಳಿಗೆ ಜೋಡಿಸುವ ವೇಗಸ್ ಎಂಬ ನರದ ಹತ್ತಿರದ ತುದಿಯನ್ನು ತಟ್ಟುತ್ತದೆ. ಸುದ್ದಿ ಮಿದುಳಿನ ಬುಡಕ್ಕೆ ಹೋಗಿ ‘ಇನ್ನು ಸಾಕು’ ಅನ್ನಿಸುತ್ತದೆ. ಈ ನರದ ಎಳೆಗಳಲ್ಲಿ ಸುಮಾರು 80% ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಮಿದುಳು ಅಪ್ಪಣೆ ಕೊಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಜಾಸ್ತಿ, ಅಲ್ವಾ!

ಕರುಳಿನದೇ ಇನ್ನೊಂದು ಪೆಪ್ಟೈಡ್ ಜಿಎಲ್‌ಪಿ-1 ರಕ್ತದಲ್ಲಿ ಕೆಲವೇ ನಿಮಿಷ ಬಾಳುತ್ತದೆ. ಅದನ್ನು ಹೋಲುವ ಸೆಮಾಗ್ಲುಟೈಡ್‌ನ ಅರ್ಧಾಯುಷ್ಯ (ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುವ ಸಮಯ) ಸುಮಾರು 7 ದಿನ. ಅದು ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಕೊಡುವ, ಮನುಷ್ಯರಲ್ಲಿ ಸರಿಯಾಗಿ ಪರೀಕ್ಷೆಯಾದ ಔಷಧಿ.

‘ಸಂಶೋಧನಾ ಪೆಪ್ಟೈಡ್’ ಎಂದು ಮಾರುವ ಬಿಪಿಸಿ-157 ಥರದ್ದರ ಕಥೆಯೇ ಬೇರೆ. ಪುರಾವೆ ಬಹುಪಾಲು ಇಲಿಗಳದ್ದು. ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿಯ ಸೀಸೆಗೆ ಔಷಧಿಯ ಮಟ್ಟದ ತಪಾಸಣೆ ಆಗಿರುವುದಿಲ್ಲ. ಸುಮ್ನೆ ಚುಚ್ಚಿಕೊಳ್ಳಬೇಡಿ.