ಮುಗಿಸದ ಕೋರ್ಸಿಗೆ ನಾಚಿಕೆ ಏಕೆ?

ವಿಜಯನಗರದ ಓದುಗರೊಬ್ಬರು ಬರೆದಿದ್ದಾರೆ: ‘ಎರಡು ವರ್ಷಗಳಲ್ಲಿ ಆರು ಉಚಿತ ಆನ್‌ಲೈನ್ ಕೋರ್ಸುಗಳಿಗೆ ಹೆಸರು ನೋಂದಾಯಿಸಿದೆ. ಸಂಖ್ಯಾಶಾಸ್ತ್ರದ ಮೂರನೆಯ ವಾರದ ಪಾಠವನ್ನು ಎರಡು ಬಾರಿ ನೋಡಿದ್ದು ಬಿಟ್ಟರೆ ಯಾವುದನ್ನೂ ಮುಗಿಸಲಿಲ್ಲ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲವೆಂಬುದು ನಿಜವೇ? ಹಣ ಕಟ್ಟಿ ಸಂಜೆ ತರಗತಿಗೆ ಸೇರಲೇ?’

ಸೇರಿ, ಬೇಡವೆನ್ನುವುದಿಲ್ಲ. ಎದುರಿಗೆ ಮೇಷ್ಟರಿದ್ದರೆ ತಪ್ಪನ್ನು ಅಲ್ಲಿಯೇ ತಿದ್ದುತ್ತಾರೆ. ಇಷ್ಟನ್ನು ಒಪ್ಪಿಕೊಂಡು ನನ್ನ ಪಕ್ಷಕ್ಕೆ ಬರುತ್ತೇನೆ.

ತನ್ನ ಪಾಠಗಳನ್ನು ಯಾರು ಬೇಕಾದರೂ ಓದಿಕೊಳ್ಳಲೆಂದು ಅಂತರ್ಜಾಲದಲ್ಲಿ ಇಡುವುದಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ಘೋಷಿಸಿದಾಗ ಅದರಲ್ಲಿ ಪ್ರಮಾಣಪತ್ರದ ಮಾತೇ ಇರಲಿಲ್ಲ. ಐಐಟಿಗಳೂ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟೂ (ಭಾರತೀಯ ವಿಜ್ಞಾನ ಸಂಸ್ಥೆ) ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಉಚಿತ ಆನ್‌ಲೈನ್ ಪಾಠಗಳ ಯೋಜನೆಗೆ ಪರೀಕ್ಷೆ, ಪ್ರಮಾಣಪತ್ರಗಳು ಅಂಟಿಕೊಂಡದ್ದು 2014ರಲ್ಲಿ. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಉಚಿತ ಪಾಠಕ್ಕೆ ಸುಮಾರು 1,60,000 ಮಂದಿ ಹೆಸರು ಕೊಟ್ಟು, ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟವರಷ್ಟೇ ಮುಗಿಸಿದರು. ಉಳಿದವರೆಲ್ಲ ಸೋತರೆಂದು ಷರಾ ಬರೆಯುವವರು, ಕಬ್ಬನ್ ಪಾರ್ಕಿನ ಗ್ರಂಥಾಲಯದಲ್ಲಿ ಪುಸ್ತಕವೊಂದನ್ನು ಅರ್ಧ ಓದಿ ಎದ್ದುಹೋದವನನ್ನೂ ನಪಾಸು ಮಾಡುತ್ತಾರೆಯೇ?

ನಮ್ಮಲ್ಲಿ ಕರಡು ತಿದ್ದುವ ಹಿರಿಯರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ಎಂಐಟಿಯಲ್ಲಿ ಗಣಿತ ಕಲಿಸಿದ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಪಾಠಗಳನ್ನು ಕೇಳುತ್ತಿದ್ದಾರೆ. ಸ್ಟ್ರಾಂಗ್ ಕಪ್ಪುಹಲಗೆಯ ಮೇಲೆ ಮ್ಯಾಟ್ರಿಕ್ಸ್ (ಅಂಕಿಗಳ ಚೌಕಟ್ಟು) ಬರೆದೊಡನೆ ಇವರು ವಿಡಿಯೊ ನಿಲ್ಲಿಸಿ, ಲೆಕ್ಕವನ್ನು ತಾವೇ ಬಿಡಿಸಿ, ನೋಟ್‌ಬುಕ್ಕಿನ ಅಂಚಿನಲ್ಲಿ ‘17 ನಿಮಿಷ, 40 ಸೆಕೆಂಡು: ಚಿಹ್ನೆ ತಪ್ಪಿತು’ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. (ನಮ್ಮ ಲೇಖಕರ ಕಾಗುಣಿತಕ್ಕೂ ಅದೇ ಶಾಯಿ.) ಹದಿನಾಲ್ಕು ತಿಂಗಳಲ್ಲಿ ಹತ್ತನೆಯ ಪಾಠಕ್ಕೆ ಬಂದಿದ್ದಾರೆ, ಅವಸರವೇನೂ ಕಾಣುತ್ತಿಲ್ಲ.

ಇಂಥವರ ಕಲಿಕೆಯನ್ನು ಅಳೆಯಲು ನಮ್ಮ ಕಚೇರಿಗಳಲ್ಲಿ ಯಾವ ಕೋಲೂ ಇಲ್ಲ. ಹಿಂದೊಮ್ಮೆ ನಾನು ಕುಳಿತಿದ್ದ ಸಂದರ್ಶನವೊಂದಕ್ಕೆ ಹನ್ನೊಂದು ಪ್ರಮಾಣಪತ್ರಗಳ ಕಡತ ಹಿಡಿದು ಬಂದ ಅಭ್ಯರ್ಥಿ, ಸರಾಸರಿಗೂ ಮಧ್ಯಾಂಕಕ್ಕೂ (ಕ್ರಮವಾಗಿ ಜೋಡಿಸಿದ ಅಂಕಿಗಳ ನಟ್ಟನಡುವಿನದು) ಇರುವ ವ್ಯತ್ಯಾಸವನ್ನು ಹೇಳಲಾರದೆ ತಲೆ ತಗ್ಗಿಸಿದ. ಪಕ್ಕದ ಮಹನೀಯರು ಕಡತದ ದಪ್ಪಕ್ಕೇ ಅಂಕ ಕೊಟ್ಟರು. ಆ ಹುಡುಗನನ್ನು ದೂರಲಾರೆ. ಕಾಗದ ಕೇಳುವವರಿಗೆ ಅವನು ಕಾಗದ ತಂದಿದ್ದ.

ನಿಮ್ಮ ತಪ್ಪೆಂದರೆ ಆರು ಎಲೆ ಹಾಕಿಸಿಕೊಂಡು ಕುಳಿತದ್ದು. ಎರಡು ಬಾರಿ ನೋಡಿದ ಆ ಮೂರನೆಯ ವಾರದ ಪಾಠವನ್ನು ನೀವೇ ಲೆಕ್ಕಕ್ಕೆ ಹಿಡಿದಿಲ್ಲ, ಅದು ನನಗೆ ಬೇಸರ. ಪೆನ್ಸಿಲು ಹಿಡಿದು ಮೂರನೆಯ ಬಾರಿ ನೋಡಿ. ಉಳಿದ ಐದರಿಂದ ಹೆಸರು ತೆಗೆಸಿಬಿಡಿ.