ಮಗುವಿನ ಮಲದಲ್ಲಿ ಉದ್ದನೆಯ ಹುಳು ಬಿದ್ದರೆ ಸಿಹಿ ನಿಲ್ಲಿಸಬೇಕೇ?

ಮೂರು ವರ್ಷದ ಮಗಳ ಮಲದಲ್ಲಿ ಗೇಣುದ್ದದ ಹುಳು ಬಿತ್ತು, ಬೆಲ್ಲ ತಿನ್ನಿಸಿದ್ದೇ ಕಾರಣ ಎಂದು ಅತ್ತೆ ಬೈಯುತ್ತಿದ್ದಾರೆ, ಎಂಟು ತಿಂಗಳ ತಮ್ಮನಿಗೂ ಅಂಟುತ್ತದೆಯೇ ಎಂದು ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯ ಅಂಗನವಾಡಿ ಕಾರ್ಯಕರ್ತೆ. ಮೊದಲು ಆ ಬೆಲ್ಲದ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಜಂತುಹುಳು ಸಿಹಿಯಿಂದ ಹುಟ್ಟುವುದಿಲ್ಲ.

ಎರೆಹುಳುವಿನಂತೆ ಉರುಟಾಗಿ, ಬಿಳಿಚಿದ ಗುಲಾಬಿ ಬಣ್ಣಕ್ಕಿದ್ದರೆ ಅದು ದುಂಡುಹುಳು. ಒಂದು ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಮಲದೊಂದಿಗೆ ಹೊರಬಿದ್ದ ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲಷ್ಟೇ ಸೋಂಕು ತರುತ್ತದೆ. ನಮ್ಮ ತೋಟಗಳ ನೆರಳು, ತೇವ ಅದಕ್ಕೆ ಬಹಳ ಅನುಕೂಲ. ಆದ್ದರಿಂದ ಅಕ್ಕನ ಪಕ್ಕ ಮಲಗಿದ ಮಾತ್ರಕ್ಕೆ ತಮ್ಮನಿಗೆ ಅಂಟುವುದಿಲ್ಲ. ಅವನು ಅಂಬೆಗಾಲಿಟ್ಟು ಹೋಗಿ ಅದೇ ಅಂಗಳದ ಮಣ್ಣು ಬಾಯಿಗೆ ಹಾಕಿಕೊಂಡರೆ ಬರಬಹುದು.

ನುಂಗಿದ ಮೊಟ್ಟೆ ಕರುಳಿನಲ್ಲಿ ಒಡೆದು, ಮರಿ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿಂದ ಗಂಟಲಿಗೆ ಏರಿ, ಮತ್ತೆ ನುಂಗಲ್ಪಟ್ಟು ಕರುಳಿಗೆ ಮರಳಿ ದೊಡ್ಡದಾಗುತ್ತದೆ. ಕೆಲವು ಮಕ್ಕಳಿಗೆ ಆಗ ಒಣಕೆಮ್ಮು ಬರುತ್ತದೆ, ಮನೆಯವರು ಶೀತವೆಂದುಕೊಳ್ಳುತ್ತಾರೆ. ಮೊಟ್ಟೆ ನುಂಗಿದ ದಿನದಿಂದ ಹುಳು ಬಲಿತು ತಾನೇ ಮೊಟ್ಟೆಯಿಡಲು ಎರಡು ಮೂರು ತಿಂಗಳು ಬೇಕು. ಅಂದರೆ ಈಗ ಕಂಡ ಹುಳು ಮೊನ್ನೆಯದಲ್ಲ.

ಮಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಎರಡು ವರ್ಷ ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ಆಲ್ಬೆಂಡಜೋಲ್ 400 ಮಿಲಿಗ್ರಾಂನ ಒಂದೇ ಮಾತ್ರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ. ಪುಟ್ಟ ಮಕ್ಕಳಿಗೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡುತ್ತೇವೆ. ಇಡೀ ಮಾತ್ರೆ ಗಂಟಲಿಗೆ ಸಿಕ್ಕಿಕೊಂಡೀತು. ತಮ್ಮನಿಗೆ ಇನ್ನೂ ವರ್ಷ ತುಂಬಿಲ್ಲ, ವೈದ್ಯರು ಹೇಳದೆ ಕೊಡಲೇಬೇಡಿ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಈ ಮಾತ್ರೆ ಅಂಗನವಾಡಿ, ಶಾಲೆಗಳಲ್ಲಿ ಉಚಿತ. ಆ ದಿನ ಮಗುವನ್ನು ತಪ್ಪದೆ ಕಳುಹಿಸಿ.

ಮಾತ್ರೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆ, ಅಂಗಳದ ಮೊಟ್ಟೆಯನ್ನಲ್ಲ. ಊಟಕ್ಕೆ ಕೂರಿಸುವ ಮುನ್ನ ಮಗಳ ಬೆರಳುಗಳನ್ನು ನೋಡಿ: ಉಗುರಿನಡಿಯ ಕೆಂಪು ಮಣ್ಣಿನ ಗೆರೆ ಬರೀ ನೀರಿಗೆ ಹೋಗುವುದಿಲ್ಲ, ಉಗುರು ಕತ್ತರಿಸಿ ಸೋಪು ಹಚ್ಚಿ ಉಜ್ಜಬೇಕು. ಹಸಿಯಾಗಿ ತಿನ್ನುವ ಕ್ಯಾರೆಟ್, ಮೂಲಂಗಿಯನ್ನು ಚೆನ್ನಾಗಿ ತೊಳೆದು ಸಿಪ್ಪೆ ತೆಗೆಯಿರಿ. ಮಗುವಿನ ಮಲ ಹಿತ್ತಿಲಿಗಲ್ಲ, ಶೌಚಾಲಯಕ್ಕೇ ಹೋಗಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಮಗು ಬಿಡದೆ ವಾಂತಿ ಮಾಡಿದರೆ, ಮಲವೇ ಹೋಗದಿದ್ದರೆ ಹುಳುಗಳು ಕರುಳನ್ನು ಕಟ್ಟಿರಬಹುದು. ಆಗ ಮನೆಮದ್ದು ಬೇಡ, ರಾತ್ರಿಯಾದರೂ ಸರಿ, ನೇರ ತಾಲ್ಲೂಕು ಆಸ್ಪತ್ರೆಗೆ ಹೊರಡಿ.